ಗೌರಿಯ ಬೆನ್ನಿಗೆ ಮೂರು ಸರ್ಸಿಂಗಲ್: ನಾನು ಉಳಿಸಿಕೊಂಡದ್ದು ಹಾಸನದಲ್ಲಿ ಹೊಲಿಸಿದ್ದನ್ನು

ಲಾಂಗ್ ಲೈನಿಂಗ್‌ಗೆಂದು, ಅಂದರೆ ಕುದುರೆಯ ಹಿಂದೆ ನಡೆಯುತ್ತ ಉದ್ದ ಲಗಾಮುಗಳಿಂದ ಅದನ್ನು ಪಳಗಿಸುವುದಕ್ಕೆಂದು, ಎರಡು ವರ್ಷದಲ್ಲಿ ಮೂರು ಸರ್ಸಿಂಗಲ್‌ಗಳಿಗೆ (ಕುದುರೆಯ ಬೆನ್ನು, ಎದೆ ಬಳಸಿ ಕಟ್ಟುವ ಬಳೆಗಳಿರುವ ಪಟ್ಟಿ) ದುಡ್ಡು ಹಾಕಿದ್ದೇನೆ. ಇವತ್ತು ಲಾಯದ ಗೂಟದಿಂದ ದಿನವೂ ಕೆಳಗಿಳಿಯುವುದು ಹಾಸನದಲ್ಲಿ ಹೇಳಿ ಹೊಲಿಸಿದ್ದು ಮಾತ್ರ. ಉಳಿದೆರಡರಲ್ಲಿ ಒಂದನ್ನು ಮಳೆಗಾಲಕ್ಕೆಂದು ಇಟ್ಟುಕೊಂಡಿದ್ದೇನೆ, ಇನ್ನೊಂದನ್ನು ಮಾರಿದೆ.

ಗೌರಿ ನಾಲ್ಕು ವರ್ಷದ ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆ. ಸಪೂರ ಮೈ, ಎದ್ದು ಕಾಣುವ ಹೆಗಲು. ಜೀನು ಹೇರಿ ಹತ್ತುವ ಮುನ್ನ ನೆಲದಲ್ಲೇ ನಿಂತು ನಿಲುವು, ತಿರುವು ಕಲಿಸಬೇಕೆಂದು ನನಗೆ ಹಟ. ಕಡಿವಾಣದಿಂದ ಹೊರಟ ಎರಡು ಉದ್ದ ಲಗಾಮುಗಳು ಪಟ್ಟಿಯ ಎರಡೂ ಪಕ್ಕದ ಬಳೆಗಳಲ್ಲಿ ಹಾದು ನನ್ನ ಕೈಗೆ ಬರುತ್ತವೆ. ನಾನು ಒದೆತ ತಾಗದಷ್ಟು ದೂರದಲ್ಲಿ ಹಿಂದೆ ನಡೆಯುತ್ತೇನೆ. ನಮ್ಮ ಮೈದಾನ ಚಿಕ್ಕಮಗಳೂರಿನ ಮಗ್ಗುಲಲ್ಲಿರುವ ತೋಟದ, ಕಾಫಿ ಕಣದಾಚೆಯ ಹುಲ್ಲುಬಯಲು.

ಮೊದಲು ಕೊಂಡದ್ದು ನೈಲಾನಿನದು, 1,800 ರೂಪಾಯಿ. ಹಗುರ, ಬಕೆಟ್ಟಿನಲ್ಲಿ ಅದ್ದಿ ತೊಳೆಯಬಹುದು. ಆದರೆ ಬೆವರು ಬಂದರೆ ಜಾರುತ್ತದೆ, ಮೆತ್ತೆ ತೆಳುವು, ಮೊಣಕೈಯ ಹಿಂದೆ ಅದರ ಅಂಚು ಕೂದಲನ್ನು ಸವೆಸಿತು. ಕುದುರೆಗೆ ಹಿಡಿಸುತ್ತದೋ ಇಲ್ಲವೋ ನೋಡುವುದಕ್ಕೆ ಸಾಕು.

ಎರಡನೆಯದು ಅಂಚೆಯಲ್ಲಿ ತರಿಸಿದ ಸಿದ್ಧ ಚರ್ಮದ ಪಟ್ಟಿ, 7,500 ರೂಪಾಯಿ. ಚರ್ಮದ ಬಗ್ಗೆ ನನ್ನ ತಕರಾರಿಲ್ಲ. ಕಾನ್ಪುರದ್ದು, ದಪ್ಪ, ಮಡಿಚಿದರೆ ಬಿರುಕಿಲ್ಲ. ಜೀನಿನ ಸಾಮಾನಿಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಪಡೆದ ಊರಿನ ಚರ್ಮಕ್ಕೆ ಹೆಸರಿಡುವಂತಿಲ್ಲ. ತಪ್ಪಿದ್ದದ್ದು ಬಕಲ್‌ನಲ್ಲಿ. ಅದು ಎಡಗಡೆ ಮಾತ್ರ ಇತ್ತು, ಬಲಗಡೆಯ ಪಟ್ಟಿಯನ್ನು ಒಂದೇ ಅಳತೆಗೆ ಹೊಲಿದುಬಿಟ್ಟಿದ್ದರು. ದೊಡ್ಡ ಮೈಯ ಕುದುರೆಗೆ ಕತ್ತರಿಸಿದ ಅಳತೆ ಅದು. ಗೌರಿಗೆ ಕೊನೆಯ ತೂತಿಗೆ ಎಳೆದು ಕಟ್ಟಬೇಕಾಗುತ್ತಿತ್ತು. ಎಳೆತವೆಲ್ಲ ಎಡದಿಂದಲೇ ಆದ್ದರಿಂದ ಇಡೀ ಪಟ್ಟಿ ಎಡಕ್ಕೆ ಸರಿಯುತ್ತಿತ್ತು. ನಡುವೆ ತಂದು ಕಟ್ಟಿದರೆ ಬಕಲ್ ಮೊಣಕೈಯ ಹಿಂದಿನ ತೊಗಲನ್ನು ಚಿವುಟುತ್ತಿತ್ತು, ಹತ್ತು ನಿಮಿಷ ನಡೆಯುವಷ್ಟರಲ್ಲಿ ಮತ್ತೆ ಎಡಕ್ಕೇ ಹೋಗುತ್ತಿತ್ತು.

ಇದು ನನಗೆ ಆರು ವಾರ ತಿಳಿಯಲಿಲ್ಲ. ನನಗೆ ತಿಳಿದಿದ್ದು ಗೌರಿ ಎಡಕ್ಕೆ ಬೆಣ್ಣೆಯಂತೆ ತಿರುಗುತ್ತಾಳೆ, ಬಲಕ್ಕೆಂದರೆ ತಲೆ ಎತ್ತಿ ಕೊಸರುತ್ತಾಳೆ ಎಂಬುದಷ್ಟೇ. ನಾಲ್ಕು ವರ್ಷದ ಕುದುರೆಗೆ ಹಾಲುಹಲ್ಲು ಬೀಳುವ ಕಾಲ, ಬಾಯಿ ನೋಯುತ್ತಿರಬೇಕು ಎಂದುಕೊಂಡು ಪಶುವೈದ್ಯರನ್ನು ಕರೆಸಿದೆ. ಬಾಯಿ ಚೆನ್ನಾಗಿಯೇ ಇತ್ತು. ಹಾಗಾದರೆ ಇವಳದೇ ಮೊಂಡುತನ ಎಂದು ತೀರ್ಮಾನಿಸಿ ಬಲಕ್ಕೆ ಹೆಚ್ಚು ಹೊತ್ತು ನಡೆಸಿದೆ. ಆ ಆರು ವಾರ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಒಂದು ಬೆಳಿಗ್ಗೆ ಅವಳನ್ನು ನಿಲ್ಲಿಸಿ ನೇರ ಬಾಲದ ಹಿಂದೆ ನಿಂತಾಗ ಕಣ್ಣಿಗೆ ಬಿತ್ತು: ಎರಡು ಬಳೆಗಳು ಒಂದೇ ಮಟ್ಟದಲ್ಲಿಲ್ಲ. ದರ್ಜಿಯ ಟೇಪು ತಂದು ನೆಲದಿಂದ ಅಳೆದೆ. ಎಡಗಡೆಯ ಬಳೆ 96 ಸೆಂಟಿಮೀಟರ್, ಬಲಗಡೆಯದು 104. ಬಲ ಲಗಾಮು ಬಾಯಿಯನ್ನು ಮೇಲಕ್ಕೆ ಎಳೆಯುತ್ತಿತ್ತು, ಎಡದ್ದು ಸರಿಯಾಗಿಯೇ ಇತ್ತು. ಪಟ್ಟಿ ಬಿಚ್ಚಿ ನೋಡಿದರೆ ಬೆನ್ನೆಲುಬಿನ ಎರಡೂ ಬದಿಗೆ ಕೂರಬೇಕಿದ್ದ ಮೆತ್ತೆಗಳ ಪೈಕಿ ಬಲಗಡೆಯದರ ಒಳ ಅಂಚು ಎಲುಬಿನ ಮೇಲೇ ಕೂತಿದೆ. ಅಲ್ಲಿ ಹೆಬ್ಬೆಟ್ಟಿನಗಲ ಕೂದಲು ಎದುರುಮುಖವಾಗಿ ಮಲಗಿತ್ತು. ಬೆರಳಿಟ್ಟರೆ ತೊಗಲು ಅದುರಿತು.

ಆ ಪಟ್ಟಿಯನ್ನು ದೊಡ್ಡ ಕುದುರೆ ಇರುವವರೊಬ್ಬರಿಗೆ, ದೋಷ ಹೇಳಿಯೇ, ಅರ್ಧ ಬೆಲೆಗೆ ಕೊಟ್ಟೆ.

ಮೂರನೆಯದರ ಕಥೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನದು. ಎತ್ತುಗಳ ಗೆಜ್ಜೆಪಟ್ಟಿ ಹೊಲಿಯುವ ವಯಸ್ಸಾದವರೊಬ್ಬರು ಅಲ್ಲಿದ್ದಾರೆ, ಹರೆಯದಲ್ಲಿ ಜಟಕಾ ಕುದುರೆಯ ಸಾಮಾನು ಹೊಲಿದವರು. ನಾನು ಕಾಗದದಲ್ಲಿ ಚಿತ್ರ ಬರೆದು ತೋರಿಸಲು ಹೊರಟರೆ ಅವರು ಕೈ ಅಡ್ಡ ಹಿಡಿದರು. "ಇದು ಜಟಕಾ ಕುದುರೆಯ ಬೆನ್ನ ಮೆತ್ತೆಯೇ ಅಲ್ಲವೇನಮ್ಮಾ, ಲಗಾಮು ಬಳೆಯಲ್ಲಿ ಹಾಯಬೇಕು ಅಷ್ಟೇ ತಾನೆ? ಬಕಲ್ ಎರಡೂ ಕಡೆ ಇಡುತ್ತೇನೆ. ಒಂದೇ ಕಡೆ ಎಳೆದರೆ ಮೆತ್ತೆ ಓಡುತ್ತದೆ." ಆರು ವಾರ ಕಾಣದ್ದನ್ನು ಅವರು ಕುದುರೆಯನ್ನು ನೋಡದೆಯೇ ಹೇಳಿದರು.

ಅವರ ಹೊಲಿಗೆ ನೋಡುತ್ತ ಕೂತಿದ್ದೆ. ಒಂದೇ ತೂತಿಗೆ ಎರಡೂ ಕಡೆಯಿಂದ ಎರಡು ಸೂಜಿ, ಮೇಣ ತೀಡಿದ ದಾರ, ಪ್ರತಿ ಹೊಲಿಗೆಗೂ ಎರಡೂ ಕೈ ಚಾಚಿ ಒಂದು ಜಗ್ಗು. ಹೀಗೆ ಹೊಲಿದರೆ ಒಂದು ಎಳೆ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಯಂತ್ರದ ಹೊಲಿಗೆ ಒಂದು ಕಡೆ ಬಿಟ್ಟರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಬಳೆ ಹಿತ್ತಾಳೆಯದು, ತುಕ್ಕಿನ ಭಯವಿಲ್ಲ. ಒಂದೊಂದು ಪಕ್ಕಕ್ಕೆ ಎರಡೇ ಬಳೆ ಹಾಕಿಸಿದೆ, ಕೆಳಗಿನದು ಹೆಚ್ಚು ಬಳಕೆಗೆ. ಅದರಲ್ಲಿ ಹಾಯಿಸಿದರೆ ತಿರುಗುವಾಗ ಲಗಾಮು ಬೆನ್ನ ಮೇಲೆ ಏರದೆ ತೊಡೆಯನ್ನು ಬಳಸಿಯೇ ನಿಲ್ಲುತ್ತದೆ. ಸಿದ್ಧ ಪಟ್ಟಿಗಳಲ್ಲಿ ಪಕ್ಕಕ್ಕೆ ಐದಾರು ಬಳೆ ಇರುತ್ತವೆ. ನನಗೆ ಅವು ಬೇಕಾಗಿಲ್ಲ.

ತಗುಲಿದ್ದು 6,200 ರೂಪಾಯಿ, ಜೊತೆಗೆ ಐದು ವಾರದ ಕಾಯುವಿಕೆ ಮತ್ತು ಬೇಲೂರು ದಾರಿಯಲ್ಲಿ ಮೂರು ಬಾರಿ ಹೋಗಿ ಬಂದ ಖರ್ಚು. ಒಟ್ಟು ಲೆಕ್ಕ ಹಾಕಿದರೆ ಅಂಚೆಯದಕ್ಕಿಂತ ಅಗ್ಗವೇನಲ್ಲ. ತೂಕವೂ ಹೆಚ್ಚು.

ಇದರ ನಿಜವಾದ ಕಷ್ಟ ಮಳೆ. ಆರಿದ್ರಾ ಹಿಡಿದರೆ ನಮ್ಮಲ್ಲಿ ಚರ್ಮಕ್ಕೆ ವಾರದೊಳಗೆ ಬೂಷ್ಟು. ಉಣ್ಣೆಯ ಮೆತ್ತೆ ಒದ್ದೆಯಾದರೆ ಮೂರು ದಿನ ಒಣಗುವುದಿಲ್ಲ, ಬಚ್ಚಲೊಲೆಯ ಹತ್ತಿರ ತೂಗುಹಾಕಿದರೆ ಚರ್ಮ ಸೆಟೆದು ಸೀಳುತ್ತದೆ. ಹಾಗಾಗಿ ಪುಷ್ಯ, ಆಶ್ಲೇಷ ಮುಗಿಯುವವರೆಗೆ ನೈಲಾನೇ ಗತಿ. ದಿನಕ್ಕೆ ಕಾಲು ಗಂಟೆ ಮಾತ್ರ, ಕೆಳಗೊಂದು ದಪ್ಪ ಹತ್ತಿಯ ಬಟ್ಟೆ ಹಾಸಿ. ಮಳೆ ನಿಂತ ಮೇಲೆ ಗ್ಲಿಸರಿನ್ ಸೋಪಿನಲ್ಲಿ ಒರೆಸಿ, ಚರ್ಮ ಮೆದುವಾಗಿಡುವ ನೀಟ್ಸ್‌ಫುಟ್ ಎಣ್ಣೆಯನ್ನು ತೆಳುವಾಗಿ ಸವರಿ ಚರ್ಮದ್ದನ್ನು ಮತ್ತೆ ಇಳಿಸುತ್ತೇನೆ. ವಾರಕ್ಕೊಮ್ಮೆ ಇಷ್ಟು ಮಾಡುವ ಅಭ್ಯಾಸವಿಲ್ಲದವರು ಚರ್ಮದ ತಂಟೆಗೆ ಹೋಗದಿರುವುದು ಒಳ್ಳೆಯದು.

ಸಿದ್ಧ ಪಟ್ಟಿಯನ್ನೇ ಕೊಳ್ಳುವುದಾದರೆ ಬಕಲ್ ಎರಡೂ ಕಡೆ ಇದೆಯೇ ಎಂದು ಕೇಳಿ, ಎದೆಸುತ್ತಿನ ಅಳತೆ ಕಳುಹಿಸಿ, ಬಂದ ದಿನವೇ ಕಟ್ಟಿ ಹಿಂದೆ ನಿಂತು ಬಳೆಗಳ ಎತ್ತರ ಅಳೆಯಿರಿ. ನನ್ನ ಟೇಪು ಈಗ ಲಾಯದಲ್ಲೇ, ಗೂಟದ ಪಕ್ಕ ತೂಗುತ್ತಿದೆ. ಮೊನ್ನೆ ಅಳೆದಾಗ ಎರಡೂ ಕಡೆ 100. ಎಲುಬಿನ ಮೇಲಿನ ಕೂದಲು ನೇರವಾಗಿ ಬೆಳೆದಿದೆ. ಬಲಕ್ಕೆ ತಿರುಗುವಾಗ ಗೌರಿ ಕಿವಿ ಹಿಂದಕ್ಕೆ ಮಡಿಚುವುದನ್ನು ಬಿಟ್ಟು ಮೂರು ತಿಂಗಳಾಯಿತು.