ಡೈನಮೋ ಗಾಡಿಗೆ ಎಲೆಕ್ಟ್ರಾನಿಕ್ ಕಟೌಟ್: ಕೊಳ್ಳುವ ಮುಂಚೆ ಡೈನಮೋ ನೋಡಿ

ಹಳೆಯ ಬ್ರಿಟಿಷ್ ಕಾರು ಮಾರಿಸ್ ಮೈನರ್ 1000ರಲ್ಲಿ ಬ್ಯಾಟರಿ ಚಾರ್ಜ್ ಮಾಡುವುದು ಹೆಚ್ಚಾಗಿ ಲ್ಯೂಕಾಸ್ ಸಿ40 ಡೈನಮೋ. ಅದನ್ನು ಹದ್ದುಬಸ್ತಿನಲ್ಲಿಡುವುದು ಆರ್‌ಬಿ106 ಡಬ್ಬಿ, ಗ್ಯಾರೇಜಿನ ಮಾತಿನಲ್ಲಿ ಕಟೌಟ್. ಈಗ ಅದೇ ಆಕಾರದ ಡಬ್ಬಿಯೊಳಗೆ ಸುರುಳಿ, ಪಾಯಿಂಟುಗಳ (ಕೂಡಿ ಬಿಡುವ ಲೋಹದ ತುದಿಗಳ) ಬದಲು ಟ್ರಾನ್ಸಿಸ್ಟರ್ ಇಟ್ಟ ಎಲೆಕ್ಟ್ರಾನಿಕ್ ಕಟೌಟ್ ಸಿಗುತ್ತದೆ. ಮುಚ್ಚಳ ಹಾಕಿದರೆ ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಕಾಣದು. ಒಳ್ಳೆಯ ವಸ್ತುವೇ. ಆದರೆ ಇದನ್ನು ಕೊಳ್ಳುವವರಲ್ಲಿ ಎಷ್ಟೋ ಜನರಿಗೆ ಇದು ಬೇಕಾಗಿಯೇ ಇರುವುದಿಲ್ಲ.

ದುಡ್ಡು ಕೊಡುವ ಮುಂಚೆ ಡೈನಮೋ ಪರೀಕ್ಷಿಸಿ. ಬೆಲ್ಟನ್ನು ನಡುವೆ ಒತ್ತಿದರೆ ಅರ್ಧ ಇಂಚು ತಗ್ಗಬೇಕು. ಡೈನಮೋದ ದೊಡ್ಡ ಟರ್ಮಿನಲ್ ಡಿ, ಚಿಕ್ಕದು ಎಫ್. ಎರಡರ ವೈರನ್ನೂ ಬಿಚ್ಚಿ, ಎರಡೂ ಟರ್ಮಿನಲ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ. ವೋಲ್ಟ್ ಮೀಟರಿನ ಒಂದು ಕಡ್ಡಿ ಆ ತಂತಿಗೆ, ಇನ್ನೊಂದು ಡೈನಮೋ ಮೈಗೆ. ಇಂಜಿನ್ ಐಡ್ಲಿಂಗ್‌ನಿಂದ ಮೆಲ್ಲಗೆ ಏರಿಸುತ್ತಾ ಹೋದಂತೆ ವೋಲ್ಟೇಜ್ ಎಲ್ಲೂ ತಡವರಿಸದೆ ಏರಬೇಕು. 20 ವೋಲ್ಟ್ ದಾಟಲು ಬಿಡಬೇಡಿ. ಮುಳ್ಳು ಅಲುಗದಿದ್ದರೆ ಕಾರ್ಬನ್ ಬ್ರಷ್ ನೋಡಿ: ಸವೆದಿರುತ್ತದೆ, ಇಲ್ಲವೇ ಹೋಲ್ಡರಿನಲ್ಲಿ ಕಚ್ಚಿಕೊಂಡಿರುತ್ತದೆ. ಅರ್ಧದಿಂದ ಒಂದು ವೋಲ್ಟಿಗೆ ನಿಂತರೆ ಫೀಲ್ಡ್ ಕಾಯಿಲ್ ಮೇಲೆ ಅನುಮಾನ, 4–5ಕ್ಕೆ ನಿಂತರೆ ಒಳಗೆ ತಿರುಗುವ ಆರ್ಮೇಚರ್ ಮೇಲೆ. ಈ ಮೂರಕ್ಕೂ ಹೊಸ ಕಟೌಟ್ ಮದ್ದಲ್ಲ.

ಡೈನಮೋ ಪಾಸಾಯಿತು, ಆದರೂ ಚಾರ್ಜ್ ಇಲ್ಲ ಎಂದರೆ ಡಬ್ಬಿಯ ಕಡೆ ಬನ್ನಿ. ಮೊದಲು ಇ ಟರ್ಮಿನಲ್‌ನ ಅರ್ಥ್ ವೈರ್. ಅದು ತುಕ್ಕು ಹಿಡಿದು ಬಿಟ್ಟುಕೊಂಡಿದ್ದರೆ ಒಳಗಿನ ಸುರುಳಿಗೆ ಕರೆಂಟೇ ಹರಿಯದು. ಡೈನಮೋವನ್ನು ಬ್ಯಾಟರಿಗೆ ಜೋಡಿಸುವ ಒಳಗಿನ ಸ್ವಿಚ್ (ನಿಜವಾದ ಕಟೌಟ್ ಅದೇ) ಮುಚ್ಚುವುದಿಲ್ಲ, ರೆಗ್ಯುಲೇಟರ್ ವೋಲ್ಟೇಜನ್ನು ತಡೆಯುವುದೂ ಇಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜ್ ದೀಪ ಐಡ್ಲಿಂಗ್‌ನಲ್ಲಿ ಮಿನುಗಿದರೆ ಹೆದರಬೇಕಿಲ್ಲ, ಸಿ40 ಚಾರ್ಜ್ ಶುರು ಮಾಡಲು ಡೈನಮೋ ನಿಮಿಷಕ್ಕೆ ಸುಮಾರು 1450 ಸುತ್ತು ತಿರುಗಬೇಕು. ವೇಗದಲ್ಲೂ ಮಂದವಾಗಿ ಉರಿಯುತ್ತಲೇ ಇದ್ದರೆ ಕಟೌಟ್ ಪಾಯಿಂಟುಗಳಿಗೆ ಮಸಿ ಹಿಡಿದಿದೆ. ಬ್ಯಾಟರಿ ಕಳಚಿ, ನಯವಾದ ಗಾಜುಕಾಗದದಿಂದ ಉಜ್ಜಿ ಸ್ಪಿರಿಟ್‌ನಲ್ಲಿ ಒರೆಸಿದರೆ ಹಳೇ ಡಬ್ಬಿಯೇ ಮತ್ತೆ ದುಡಿಯುತ್ತದೆ.

ಹಳೇ ಡಬ್ಬಿ ಕೆಡುವುದಕ್ಕಿಂತ ಕೆಡಿಸಿಕೊಳ್ಳುವುದೇ ಹೆಚ್ಚು. ಬ್ಯಾಟರಿ ಮತ್ತು ಲೋಡಿನ ಕಡೆಯ ಎ, ಎ1 ವೈರುಗಳನ್ನು ಡಬ್ಬಿಯಿಂದ ತೆಗೆದು ಒಂದಕ್ಕೊಂದು ಸೇರಿಸಿ ಡಿ ಮತ್ತು ಅರ್ಥ್ ನಡುವೆ ಅಳೆದರೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 16 ವೋಲ್ಟಿಗಿಂತ ತುಸು ಮೇಲೆ ತೋರಿಸಬೇಕು. ಲೋಡ್ ಇಲ್ಲದಾಗ ಅದೇ ಸರಿಯಾದ ಅಳತೆ. ಆಲ್ಟರ್ನೇಟರ್ (ಡೈನಮೋ ಜಾಗಕ್ಕೆ ಬಂದ ಹೊಸ ಕಾಲದ ಜನರೇಟರ್) ಅಭ್ಯಾಸದವರು ಗಾಬರಿಯಾಗಿ ಸ್ಕ್ರೂ ತಿರುಗಿಸಿ 14ಕ್ಕೆ ಇಳಿಸುತ್ತಾರೆ. ಆಮೇಲೆ ಬ್ಯಾಟರಿ ಎಂದೂ ತುಂಬುವುದಿಲ್ಲ.

ಎಲೆಕ್ಟ್ರಾನಿಕ್ ಕಟೌಟ್ ನಿಜಕ್ಕೂ ಗೆಲ್ಲುವುದು ಇಲ್ಲೇ. ಕಿಡಿ ಹಾರುವ ಪಾಯಿಂಟಿಲ್ಲ, ಸ್ಪ್ರಿಂಗ್ ಹದ ತಪ್ಪುವುದಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 14ರಿಂದ 14.5 ವೋಲ್ಟ್ ಬಂದರೆ ಸಾಕು. ಹಳೇ ಡಬ್ಬಿಯ ಪಾಯಿಂಟುಗಳು ಸುಟ್ಟು ಗುಳಿಬಿದ್ದಿದ್ದರೆ ಕಣ್ಣುಮುಚ್ಚಿ ಇದನ್ನೇ ತನ್ನಿ. ಡಿಗೆ ದಪ್ಪ ಹಳದಿ ವೈರ್, ಎಫ್‌ಗೆ ತೆಳುವಾದ ಹಳದಿ-ಹಸಿರು. ಹಳೆಯದರಲ್ಲಿದ್ದ ಹಾಗೆಯೇ ಇದರಲ್ಲೂ.

ಆದರೆ ಎರಡು ವಿಷಯ. ಒಂದು, ಇದರಿಂದ ಶಕ್ತಿ ಹೆಚ್ಚುವುದಿಲ್ಲ. ಸಿ40 ಕೊಡುವುದೇ 22 ಆಂಪಿಯರ್. ಹೆಡ್‌ಲೈಟ್, ವೈಪರ್, ಇಗ್ನಿಷನ್‌ಗೆ ಅದು ಸಾಕು. ಮೇಲೆ 55 ವಾಟಿನ ಎರಡು ಫಾಗ್ ಲ್ಯಾಂಪ್ ಕಟ್ಟಿದರೆ ಇನ್ನೂ 8–9 ಆಂಪಿಯರ್ ಬೇಕಾಗುತ್ತದೆ, ಅಂಥವರಿಗೆ ಆಲ್ಟರ್ನೇಟರೇ ದಾರಿ.

ಇನ್ನೊಂದು ಪೊಲಾರಿಟಿ. ಮೈನರ್ ಕಾರ್ಖಾನೆಯಿಂದ ಬಂದದ್ದು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಕಾರಿನ ಮೈಗೆ. ಹಿಂದಿನ ಮಾಲೀಕರು ತಿರುಗಿಸಿರಬಹುದು, ಆದ್ದರಿಂದ ಕಾರಿನ ಮೈಗೆ ಬ್ಯಾಟರಿಯ ಯಾವ ತುದಿ ಸೇರಿದೆ ಎಂದು ಕಣ್ಣಾರೆ ನೋಡಿಯೇ ಆರ್ಡರ್ ಮಾಡಿ. ಪೊಲಾರಿಟಿ ಹೊಂದದ ಎಲೆಕ್ಟ್ರಾನಿಕ್ ಡಬ್ಬಿಗೆ ಬ್ಯಾಟರಿ ಜೋಡಿಸಿದರೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗುತ್ತದೆ. ಡೈನಮೋ ರಿಪೇರಿಯಾಗಿ ಬಂದಿದ್ದರೆ ಅದಕ್ಕೂ ದಿಕ್ಕು ಹಿಡಿಸಬೇಕು: ಇಂಜಿನ್ ನಿಂತಿರುವಾಗ ಎಫ್ ವೈರನ್ನು ಡಬ್ಬಿಯಿಂದ ಕಳಚಿ, ಅದರ ತುದಿಯನ್ನು ಬ್ಯಾಟರಿಯ ಅರ್ಥ್ ಅಲ್ಲದ ತುದಿಗೆ ಒಂದೆರಡು ಸಲ ತಾಗಿಸಿ. ಸಣ್ಣ ಕಿಡಿ ಹಾರುತ್ತದೆ. ವೈರನ್ನು ಡಬ್ಬಿಯಿಂದ ಕಳಚದೆ ಹೀಗೆ ಮಾಡಬೇಡಿ.