ಅಡಾಪ್ಟರ್: ಏರ್‌ಪೋರ್ಟಿನ ಡಬ್ಬಿಯೋ, ಎಸ್.ಪಿ. ರೋಡಿನ ತುಂಡೋ?

ಎರಡು ವರ್ಷದಲ್ಲಿ ಲಂಡನ್, ಮ್ಯೂನಿಕ್, ಆಮೇಲೆ ನ್ಯೂಜೆರ್ಸಿಯ ಅಕ್ಕನ ಮನೆ, ಮೂರು ಕಡೆ ಹೋಗಿ ಬಂದೆ. ನಮ್ಮ ಪ್ಲಗ್ಗನ್ನು ಅಲ್ಲಿಯ ಸಾಕೆಟ್ಟಿಗೆ ಹೊಂದಿಸಲು ಪ್ರತಿ ಸಲವೂ ಎರಡು ಬಗೆಯ ಅಡಾಪ್ಟರ್ ಹೊತ್ತಿದ್ದೆ. ಒಂದು, ಎಲ್ಲ ದೇಶಕ್ಕೂ ಆಗುತ್ತೆ ಅಂತ ಮಾರುವ ಯೂನಿವರ್ಸಲ್ ಡಬ್ಬಿ. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಅವಸರಕ್ಕೆ 1,400 ರೂಪಾಯಿ ಕೊಟ್ಟಿದ್ದೆ. ಇನ್ನೊಂದು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ದೇಶಕ್ಕೊಂದರಂತೆ ಸಿಗುವ ಗಿಡ್ಡ ಅಡಾಪ್ಟರ್. ಮೂರಕ್ಕೂ ಸೇರಿ 350.

ಲಂಡನ್ನಿನಲ್ಲಿ ಡಬ್ಬಿಯೇ ವಾಸಿ. ಅಲ್ಲಿಯ ಪ್ಲಗ್ಗಿಗೆ ಮೂರು ದಪ್ಪ ಚಪ್ಪಟೆ ಪಿನ್. ಸಾಕೆಟ್ ಗಟ್ಟಿಯಾಗಿ ಹಿಡಿಯುತ್ತದೆ, ನಮ್ಮಲ್ಲಿಯ ಹಾಗೆ ಪಕ್ಕದಲ್ಲೇ ಸ್ವಿಚ್ಚೂ ಇರುತ್ತದೆ. ಹೆಚ್ಚಿನ ಸಾಕೆಟ್‌ಗಳಲ್ಲಿ ಮೇಲಿನ ಉದ್ದದ ಪಿನ್ ಒಳಗೆ ಹೋದರೆ ಮಾತ್ರ ಕೆಳಗಿನ ಎರಡು ತೂತುಗಳ ಮುಚ್ಚಳ ತೆರೆಯುತ್ತದೆ. ಎರಡು ಪಿನ್ನಿನ ಪ್ಲಗ್ ಹಾಕಲು ನಮ್ಮವರು ಕೆಲವರು ಮೇಲಿನ ತೂತಿಗೆ ಪೆನ್ನು ತುರುಕುತ್ತಾರೆ. ದಯವಿಟ್ಟು ಬೇಡ.

ಮ್ಯೂನಿಕ್‌ನಲ್ಲಿ ಕಥೆ ಉಲ್ಟಾ. ಜರ್ಮನಿಯ ಸಾಕೆಟ್ ದುಂಡನೆಯ ಗುಂಡಿ ಇದ್ದ ಹಾಗೆ. ಚೌಕದ ಡಬ್ಬಿ ಅಂಚಿಗೇ ತಾಗಿ ನಿಂತಿತು, ಪಿನ್ ಅರ್ಧವೇ ಒಳಗೆ. ಚಾರ್ಜ್ ಬಂದು ಬಂದು ಹೋಗುತ್ತಿತ್ತು. ಗಿಡ್ಡದು ಗುಂಡಿಯೊಳಗೆ ಸಲೀಸಾಗಿ ಕೂತಿತು. ನಿಜ ಹೇಳಬೇಕೆಂದರೆ, ನಮ್ಮ ಎರಡು ದುಂಡು ಪಿನ್ನಿನ ಫೋನ್ ಚಾರ್ಜರಿಗೆ ಅಲ್ಲಿ ಅಡಾಪ್ಟರೇ ಬೇಡ.

ನ್ಯೂಜೆರ್ಸಿಯಲ್ಲಿ ಡಬ್ಬಿ ಮಾನ ಕಳೆಯಿತು. ಸಡಿಲ ಸಾಕೆಟ್, ಎರಡು ತೆಳು ಪಿನ್, ಮೇಲೆ ಡಬ್ಬಿಯ ಭಾರ. ರಾತ್ರಿ ಹಾಕಿದ್ದು ಬೆಳಗ್ಗೆ ನೆಲದ ಮೇಲಿತ್ತು, ಫೋನ್ 12 ಪರ್ಸೆಂಟ್.

ಅಲ್ಲಿ ಇನ್ನೊಂದು ತಾಪತ್ರಯ ವೋಲ್ಟೇಜ್. ನಮ್ಮಲ್ಲಿ 230, ಅಮೆರಿಕದಲ್ಲಿ 120. ಈ ಎರಡೂ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತವೆ ಅಷ್ಟೇ, ವೋಲ್ಟೇಜನ್ನಲ್ಲ. ಫೋನ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ 100-240 ಅಂತ ಇದ್ದರೆ ಚಿಂತೆಯಿಲ್ಲ. ಅಮ್ಮ ಸೀರೆಯಲ್ಲಿ ಸುತ್ತಿ ತಂದಿದ್ದ ಮಿಕ್ಸಿಯ ಮೇಲೆ ಬರೀ 230 ಇತ್ತು. ಹಾಕಿದ್ದಕ್ಕೆ ಗುಂಯ್ ಅಂತ ಮುಲುಗಿತು. ಕಾಯಿ ಚೂರು ಸುಮ್ನೆ ಸುತ್ತಿದವೇ ಹೊರತು ಚಟ್ನಿ ಆಗಲಿಲ್ಲ. ಪಕ್ಕದ ಮನೆಯವರ, ವೋಲ್ಟೇಜ್ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ತಂದ ಮೇಲೆ ಆಯಿತು, ಆದರೆ ಅದನ್ನು ಎತ್ತುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. ಅಮೆರಿಕಕ್ಕೆ ಅಂತಲೇ ನಮ್ಮ ದೇಶದ ಕಂಪನಿಗಳು ಅಲ್ಲಿಯ ವೋಲ್ಟೇಜಿಗೆ ಹೊಂದುವ ಮಿಕ್ಸಿ ಮಾಡುತ್ತವೆ, ಅದನ್ನೇ ಒಯ್ಯಿರಿ. ಅಲ್ಲಿಂದ ಇಲ್ಲಿಗೆ ತರುವುದು ಇನ್ನೂ ಅಪಾಯ. ಅಕ್ಕನ 120 ವೋಲ್ಟಿನ ಹೇರ್ ಡ್ರೈಯರ್ ಜಯನಗರದ ಮನೆಯಲ್ಲಿ ಎರಡೇ ಕ್ಷಣ ಓಡಿತು. ಸುಟ್ಟ ವಾಸನೆ ಸಂಜೆವರೆಗೂ ಹೋಗಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಈ ಎರಡೂ ಅಲ್ಲ, ಪವರ್ ಕಾರ್ಡ್. ಲ್ಯಾಪ್‌ಟಾಪಿನ ಇಟ್ಟಿಗೆಯಂಥ ಚಾರ್ಜರಿನಿಂದ ಗೋಡೆಗೆ ಹೋಗುವ ವೈರು ಬಿಚ್ಚಿಕೊಳ್ಳುತ್ತದೆ, ಅಲ್ವಾ? ಹೋಗುವ ದೇಶದ ಪ್ಲಗ್ಗಿರುವ ಅಂಥದೇ ವೈರು ಎಸ್.ಪಿ. ರೋಡಿನಲ್ಲಿ 200ಕ್ಕೆ ಸಿಕ್ಕಿತು. ನನ್ನ ಡಬ್ಬಿಯಲ್ಲಿ ಅರ್ಥಿಂಗ್ ಇರಲಿಲ್ಲ. ಲೋಹದ ಲ್ಯಾಪ್‌ಟಾಪಿನ ಮೇಲೆ ಮಣಿಕಟ್ಟು ಇಟ್ಟರೆ ಜುಂ ಅನ್ನುತ್ತಿತ್ತು. ಮೂರು ಪಿನ್ನಿನ ವೈರು ಹಾಕಿದ ಮೇಲೆ ಅದು ನಿಂತಿತು.

ಡಬ್ಬಿ ಈಗ ಆಫೀಸಿನ ಡ್ರಾಯರಿನಲ್ಲಿದೆ. ಯಾರಾದರೂ ಸಿಂಗಪುರಕ್ಕೆ ಹೊರಟರೆ ಕೊಡುತ್ತೇನೆ. ಅಲ್ಲಿಯೂ ಲಂಡನ್ನಿನದೇ ಪ್ಲಗ್.