ಓಟ್‌ಮನ್ ಕತ್ತೆ ಪ್ರವಾಸ: ಐದಕ್ಕೆ ಮೂರು ಅಂಕ, ಕ್ಯಾರೆಟ್ ಚೀಲಕ್ಕೆ ಎರಡು ಕಡಿತ

ಲಾಸ್ ವೇಗಸ್‌ನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ವ್ಯಾನ್ ಪ್ರವಾಸವೊಂದರ ಬಗ್ಗೆ ಬರೆಯುತ್ತಿದ್ದೇನೆ. ಅರಿಜೋನಾ ರಾಜ್ಯದ ಓಟ್‌ಮನ್ ಎಂಬ ಹಳೆಯ ಗಣಿ ಊರಿನ ಕತ್ತೆಗಳನ್ನು ತೋರಿಸುವುದು ಇದರ ಮುಖ್ಯ ಆಕರ್ಷಣೆ. ಕಂಪನಿಯ ಹೆಸರು ಹೇಳುವುದಿಲ್ಲ. ಯಾರ ಬಳಿ ಬುಕ್ ಮಾಡಿದರೂ ಮೊದಲೇ ಏನು ಕೇಳಿಕೊಳ್ಳಬೇಕು ಎಂಬುದು ತಿಳಿದರೆ ಸಾಕು. ಮಕ್ಕಳ ಮನೆಗೆ ಬಂದು, ಕ್ಯಾಸಿನೋ ದೀಪಗಳನ್ನು ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿ, ಇನ್ನುಳಿದ ದಿನ ಏನು ಮಾಡುವುದೆಂದು ಸೋಫಾದಲ್ಲಿ ಕುಳಿತಿರುವ ನನ್ನಂಥ ಅಪ್ಪ ಅಮ್ಮಂದಿರಿಗೆ ಇದು ಉಪಯೋಗವಾಗಬಹುದು.

ನಾನು ನಿವೃತ್ತ ಪಶುವೈದ್ಯ. ತುಮಕೂರು, ಚಿತ್ರದುರ್ಗದ ಕಡೆಯ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ದುಡಿದವನು. ಮಗಳು "ಅಪ್ಪಾ, ನಿಮಗೆಂದೇ ಕತ್ತೆ ಟೂರ್ ಬುಕ್ ಮಾಡಿದ್ದೇನೆ" ಎಂದಾಗ ನನ್ನ ಹೆಂಡತಿ ನಕ್ಕಿದ್ದು ಇನ್ನೂ ನಿಂತಿಲ್ಲ.

ವ್ಯಾನ್ ಚೆನ್ನಾಗಿತ್ತು, ಹವಾನಿಯಂತ್ರಣ ಸರಿಯಿತ್ತು, ಚಾಲಕನೇ ಗೈಡ್. ಹೂವರ್ ಅಣೆಕಟ್ಟಿನ ಪಕ್ಕದ ಎತ್ತರದ ಸೇತುವೆ ದಾಟಿ, ಕಿಂಗ್‌ಮನ್‌ನಿಂದ ಹಳೆಯ 66ನೇ ಹೆದ್ದಾರಿ ಹಿಡಿದು ಸಿಟ್‌ಗ್ರೀವ್ಸ್ ಘಟ್ಟ ಹತ್ತಿ ಇಳಿದೆವು. 40 ಅಡಿಗಿಂತ ಉದ್ದದ ವಾಹನಗಳಿಗೆ ಆ ದಾರಿಯಲ್ಲಿ ಪ್ರವೇಶವೇ ಇಲ್ಲ. ತಿರುವುಗಳನ್ನು ನೋಡಿದರೆ ಕಾರಣ ಕೇಳಬೇಕಾಗಿಲ್ಲ. ಹೊಟ್ಟೆ ತೊಳೆಸುವವರು ಮುಂದಿನ ಸೀಟು ಕೇಳಿ ಪಡೆಯಿರಿ. ಗೈಡ್ ಚಿನ್ನದ ಕಥೆಯನ್ನು ಸೊಗಸಾಗಿ ಹೇಳಿದ: 1915ರಲ್ಲಿ ಸಿಕ್ಕಿದ ದೊಡ್ಡ ನಿಕ್ಷೇಪ, ಸಾವಿರಾರು ಜನರ ಊರು, ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಗಣಿ ಮುಚ್ಚಿಸಿದ್ದು, 1950ರ ದಶಕದ ಆರಂಭದಲ್ಲಿ ಹೆದ್ದಾರಿಯೂ ಬೇರೆ ಕಡೆ ಹೋದದ್ದು. ಜನ ಹೋದರು, ಅದಿರು ಹೊರುತ್ತಿದ್ದ ಕತ್ತೆಗಳು ಗುಡ್ಡ ಸೇರಿಕೊಂಡವು. ಈಗ ಬೀದಿಯಲ್ಲಿ ಕಾಣುವುದು ಅವುಗಳ ಸಂತತಿ. ಇಷ್ಟಕ್ಕೆ ಪೂರ್ಣ ಅಂಕ.

ಓಟ್‌ಮನ್ ಎಂದರೆ ಒಂದೇ ಬೀದಿ. ಮರದ ಹಲಗೆಯ ಜಗಲಿ, ತಗಡಿನ ಮಾಡು, ಸ್ಮರಣಿಕೆ ಮಾರುವ ಅಂಗಡಿಗಳು, ನಡುರಸ್ತೆಯಲ್ಲಿ ಸುಳ್ಳು ಗುಂಡಿನ ಕಾಳಗದ ಪ್ರದರ್ಶನ. ಕತ್ತೆಗಳು ಬೆಳಿಗ್ಗೆ ಗುಡ್ಡದಿಂದ ಇಳಿದು ಬರುತ್ತವೆ, ಸಂಜೆ ಪ್ರವಾಸಿಗರು ಖಾಲಿಯಾದ ಮೇಲೆ ಹಿಂದಿರುಗುತ್ತವೆ. ನಾವು ಇಳಿದಾಗ ಬೂದು ಬಣ್ಣದ ಹೆಣ್ಣು ಕತ್ತೆಯೊಂದು ನಡುರಸ್ತೆಯಲ್ಲಿ ನಿಂತು ಮರಿಗೆ ಹಾಲು ಕುಡಿಸುತ್ತಿತ್ತು. ಹಿಂದೆ ನಿಂತ ಕಾರುಗಳ ಸಾಲಿನ ಮೇಲೆ ಅದಕ್ಕೆ ಎಳ್ಳಷ್ಟೂ ಮರ್ಯಾದೆ ಇರಲಿಲ್ಲ. ಬೆನ್ನುದ್ದಕ್ಕೂ ಕಪ್ಪು ಗೆರೆ, ಭುಜದ ಮೇಲೆ ಅಡ್ಡಗೆರೆ, ಕಿವಿಯಂಚಿನಲ್ಲಿ ಕಪ್ಪು. ಆಫ್ರಿಕಾದ ಕಾಡುಕತ್ತೆಯ ಗುರುತುಗಳು, ಸ್ಪೇನ್‌ನವರ ಹಡಗಿನಲ್ಲಿ ಈ ಖಂಡಕ್ಕೆ ಬಂದು ಇಲ್ಲೂ ಅಳಿಸಿಲ್ಲ. ಮರಿಯ ಹಣೆಗೊಂದು ಕಾಗದದ ಸ್ಟಿಕ್ಕರ್ ಅಂಟಿಸಿದ್ದರು: ಇದಕ್ಕೆ ಏನೂ ತಿನ್ನಿಸಬೇಡಿ ಎಂದು. ಹಾಲು ಕುಡಿಯುವ ಮರಿಯ ಬಾಯಿಗೆ ಗಟ್ಟಿ ತಿನಿಸು ತುರುಕಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಣೆಯ ಮೇಲೆ ಎಚ್ಚರಿಕೆ ಅಂಟಿಸಿಕೊಂಡು ತಿರುಗಬೇಕಾದ ಪ್ರಾಣಿಯನ್ನು ನಾನು ನೋಡಿದ್ದು ಇದೇ ಮೊದಲು.

ಈಗ ದೂರಿಗೆ ಬರುತ್ತೇನೆ. ವ್ಯಾನಿನಿಂದ ಇಳಿಯುವಾಗ ಗೈಡ್ ಪ್ರತಿಯೊಬ್ಬರ ಕೈಗೂ ಒಂದು ಕಾಗದದ ಚೀಲ ಕೊಟ್ಟ. ಅದರಲ್ಲಿ ಹೆಚ್ಚಿದ ಕ್ಯಾರೆಟ್, ಜೊತೆಗೆ ಸಿಹಿ ಬಿಸ್ಕತ್ತು. ಟಿಕೆಟ್ ದರದಲ್ಲೇ ಸೇರಿದೆಯಂತೆ. ಜಾಹೀರಾತಿನಲ್ಲೂ ಅದನ್ನೇ ದಪ್ಪಕ್ಷರದಲ್ಲಿ ಹಾಕಿದ್ದಾರೆ. ನಾವು ಹತ್ತು ಹೆಜ್ಜೆ ಇಡುವುದರೊಳಗೆ ಅಂಗಡಿಯಿಂದ ವಯಸ್ಸಾದ ಹೆಂಗಸೊಬ್ಬರು ಹೊರಬಂದು, "ಕ್ಯಾರೆಟ್ ಒಳಗಿಡಿ. ಕೊಡಲೇಬೇಕೆಂದಿದ್ದರೆ ಒಣಹುಲ್ಲಿನ ತುಂಡು ಮಾತ್ರ" ಎಂದು ಗದರಿದರು. ಅವರ ಮಾತು ಸರಿ. ಮರುಭೂಮಿಯ ಒರಟು ಪೊದೆ, ಒಣಹುಲ್ಲು ತಿಂದು ಬದುಕಲು ಸಾವಿರಾರು ವರ್ಷಗಳಿಂದ ಪಳಗಿದ ಹೊಟ್ಟೆ ಅದು. ಸಕ್ಕರೆ ಹೆಚ್ಚಾದರೆ ಕತ್ತೆ ಮೊದಲು ದಪ್ಪಗಾಗುತ್ತದೆ, ಆಮೇಲೆ ಕುಂಟುತ್ತದೆ. ಜಗಲಿಗೆ ಒರಗಿ ನಿಂತಿದ್ದ ಗಂಡು ಕತ್ತೆಯ ಕತ್ತಿನ ಮೇಲ್ಭಾಗವನ್ನು ಹತ್ತಿರದಿಂದ ನೋಡಿದೆ: ಕೊಬ್ಬು ಗಟ್ಟಿಯಾಗಿ ಒಂದು ಬದಿಗೆ ವಾಲಿತ್ತು. ಮುಂಗಾಲಿನ ಗೊರಸಿನ ಮೇಲೆ ಉಂಗುರಗಳಂತೆ ಗೆರೆ ಬಿದ್ದಿದ್ದವು. ಹಿಮ್ಮಡಿಯ ಕಡೆ ಅಗಲ, ಮುಂದೆ ಕಿರಿದು. ಹಳೆಯ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರ ಉರಿಯೂತದಿಂದ ನೋಯುವ ಕಾಯಿಲೆಯ ಗುರುತು. ಅದು ಭಾರವನ್ನು ಹಿಂಗಾಲಿಗೆ ಬಿಟ್ಟು ನಿಂತಿದ್ದನ್ನು "ಎಷ್ಟು ಸೌಮ್ಯ ನೋಡಿ" ಎಂದು ಒಬ್ಬರು ಫೋಟೋ ತೆಗೆಯುತ್ತಿದ್ದರು. ಅದು ಸೌಮ್ಯವಲ್ಲ, ನೋವು.

ಕಾಲಿನ ಕಾಯಿಲೆಗಿಂತ ದೊಡ್ಡ ತೊಂದರೆ ರಸ್ತೆ. ಮನುಷ್ಯರ ಕೈಯಿಂದ ತಿಂದು ರೂಢಿಯಾದ ಕತ್ತೆ ಯಾವ ಕಾರು ಕಂಡರೂ ಕಿಟಕಿಗೆ ಮೂತಿ ಒಡ್ಡುತ್ತದೆ. ಹಿಂದಿರುಗುವ ದಾರಿಯಲ್ಲಿ ಬುಲ್‌ಹೆಡ್ ಸಿಟಿಯ ಕಡೆ ರಸ್ತೆಬದಿಯಲ್ಲಿ "ಕತ್ತೆಗಳಿವೆ, ಎಚ್ಚರ" ಎಂಬ ಫಲಕಗಳನ್ನು ನೀವೇ ನೋಡುತ್ತೀರಿ. ರಾತ್ರಿ ಬೂದು ಬಣ್ಣದ ಪ್ರಾಣಿ ಡಾಂಬರಿನ ಮೇಲೆ ಕಾಣಿಸುವುದಿಲ್ಲ. ಹೀಗೆ ರಸ್ತೆಗೆ ಬರತೊಡಗಿದ ಕತ್ತೆಗಳನ್ನು ಕೊನೆಗೆ ಸರ್ಕಾರ ಹಿಡಿದು ದೊಡ್ಡಿಗೆ ಸಾಗಿಸಬೇಕಾಗುತ್ತದೆ. ಕತ್ತೆಗಳನ್ನು ಹಿಡಿಯುವ ಸಾಮಾನ್ಯ ಕ್ರಮವೂ ತಿನಿಸಿನ ಆಸೆಯದೇ: ಬೇಲಿಯೊಳಗೆ ನೀರು, ಹುಲ್ಲು ಇಟ್ಟು ಬಾಗಿಲು ತೆರೆದಿಡುತ್ತಾರೆ, ಅವು ತಾವಾಗಿಯೇ ಒಳಗೆ ಹೋಗುತ್ತವೆ. ನಮ್ಮ ಕೈಯಲ್ಲಿದ್ದ ಕಾಗದದ ಚೀಲ ಆ ಪಾಠದ ಮೊದಲ ಪುಟ. ಇದನ್ನು ಗೈಡ್‌ಗೆ ಹೇಳಿದೆ. "ಸರ್, ಗ್ರಾಹಕರು ಕೇಳುತ್ತಾರೆ" ಎಂದ. ಪಾಪ, ಅವನ ಸಂಬಳ ಕೊಡುವವರು ಬೇರೆ.

ಇನ್ನೊಂದು ಕೊರತೆ, ಅವನು ಹೇಳದೆ ಬಿಟ್ಟದ್ದು. ನಾಲ್ಕು ಗಂಟೆಯಷ್ಟು ಹೊತ್ತು ಚಿನ್ನದ ಬಗ್ಗೆ, ಹಾಲಿವುಡ್ ನಟರ ಮಧುಚಂದ್ರದ ಬಗ್ಗೆ ಮಾತಾಡಿದವನು, ಈ ಕತ್ತೆಗಳು ಇಲ್ಲಿ ಇನ್ನೂ ಇರುವುದು ಯಾರಿಂದ ಎಂದು ಒಂದು ಮಾತು ಆಡಲಿಲ್ಲ. 1950ರಲ್ಲಿ ನೆವಾಡಾದ ವೆಲ್ಮಾ ಜಾನ್‌ಸ್ಟನ್ ಎಂಬ ಕಚೇರಿ ಕಾರ್ಯದರ್ಶಿ ಕೆಲಸಕ್ಕೆ ಹೋಗುವಾಗ, ಮುಂದಿನ ಲಾರಿಯಿಂದ ರಕ್ತ ಸೋರುತ್ತಿರುವುದನ್ನು ಕಂಡು ಹಿಂಬಾಲಿಸಿದರು. ಒಳಗಿದ್ದದ್ದು ಕಸಾಯಿಖಾನೆಗೆ ಹೋಗುತ್ತಿದ್ದ ಕಾಡುಕುದುರೆಗಳು. ಜನ ಆಕೆಯನ್ನು ಅಣಕಿಸಿ "ವೈಲ್ಡ್ ಹಾರ್ಸ್ ಆ್ಯನಿ" ಎಂದರು. ಆಕೆ ಆ ಹೆಸರನ್ನೇ ಇಟ್ಟುಕೊಂಡರು. 1959ರಲ್ಲಿ ಸರ್ಕಾರಿ ಭೂಮಿಯಲ್ಲಿ ವಿಮಾನ, ಮೋಟಾರು ವಾಹನ ಬಳಸಿ ಕುದುರೆ ಬೇಟೆಯಾಡುವುದಕ್ಕೆ, ನೀರಿಗೆ ವಿಷ ಹಾಕುವುದಕ್ಕೆ ನಿಷೇಧ ಬಂತು. ಆಮೇಲೆ ಶಾಲಾ ಮಕ್ಕಳು ಸಂಸತ್ತಿಗೆ ರಾಶಿ ರಾಶಿ ಪತ್ರ ಬರೆದರು. 1971ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾಯ್ದೆ ಕುದುರೆಯ ಜೊತೆಗೆ ಕತ್ತೆಯನ್ನೂ ಹೆಸರಿಸಿ ರಕ್ಷಣೆ ಕೊಟ್ಟಿತು. ಕೊಂದರೆ ಅಥವಾ ಹಿಂಸಿಸಿದರೆ ಎರಡು ಸಾವಿರ ಡಾಲರ್ ತನಕ ದಂಡ, ಒಂದು ವರ್ಷದ ತನಕ ಜೈಲು.

ಇದಕ್ಕಿಂತ ಸ್ವಾರಸ್ಯದ್ದು ನ್ಯಾಯಾಲಯದ ಕಥೆ. ಇಲ್ಲಿನ ಸರ್ಕಾರಿ ಭೂಮಿ ನಮ್ಮ ಗೋಮಾಳವನ್ನು ಲಕ್ಷಗಟ್ಟಲೆ ಎಕರೆಗೆ ಹಿಗ್ಗಿಸಿದಂತೆ: ದನ ಸಾಕುವವರು ಪರವಾನಗಿ ಪಡೆದು ಮೇಯಿಸುತ್ತಾರೆ. 2019ರಿಂದ 2025ರವರೆಗೆ ಒಂದು ಹಸು ಮತ್ತು ಕರುವಿಗೆ ತಿಂಗಳ ಶುಲ್ಕ 1.35 ಡಾಲರ್ ಇತ್ತು, ಒಂದು ಕಾಫಿಗೂ ಸಾಲದು. 1974ರಲ್ಲಿ ನ್ಯೂ ಮೆಕ್ಸಿಕೋದ ಒಬ್ಬ ದನಗಾಹಿ, ಕಾಡುಕತ್ತೆಗಳು ತನ್ನ ದನಗಳ ಮೇವು ತಿನ್ನುತ್ತಿವೆ ಎಂದು ದೂರಿದ. ರಾಜ್ಯದ ಜಾನುವಾರು ಮಂಡಳಿ ಹತ್ತೊಂಬತ್ತು ಕತ್ತೆಗಳನ್ನು ಹಿಡಿದು ಹರಾಜು ಹಾಕಿತು. ಕೇಂದ್ರ ಸರ್ಕಾರ ವಾಪಸ್ ಕೊಡಿ ಎಂದಿತು, ರಾಜ್ಯ ಒಪ್ಪಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 1976ರಲ್ಲಿ ಅಷ್ಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಕೇಂದ್ರದ ಕಾಯ್ದೆಯನ್ನು ಎತ್ತಿ ಹಿಡಿದರು. ಕೇಂದ್ರ ಮತ್ತು ರಾಜ್ಯಗಳ ಅಧಿಕಾರದ ಬಗ್ಗೆ ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪು ಹತ್ತೊಂಬತ್ತು ಕತ್ತೆಗಳ ಮೇಲೆ ನಿಂತಿದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುವ ನಮ್ಮವರಿಗೆ ಈ ಕಥೆಯನ್ನು ವ್ಯಾನಿನಲ್ಲಿ ಹೇಳಿದ್ದರೆ ಘಟ್ಟದ ತಿರುವುಗಳು ಗೊತ್ತೇ ಆಗುತ್ತಿರಲಿಲ್ಲ.

ರಕ್ಷಣೆ ಸಿಕ್ಕಿತು, ಸಮಸ್ಯೆ ಮುಗಿಯಲಿಲ್ಲ. ಇವುಗಳನ್ನು ನೋಡಿಕೊಳ್ಳುವುದು ಮುಖ್ಯವಾಗಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಕೇಂದ್ರ ಸರ್ಕಾರದ ಭೂ ಇಲಾಖೆ. ತನ್ನ ಭೂಮಿ ತಾಳಬಲ್ಲ ಕುದುರೆ ಕತ್ತೆಗಳ ಒಟ್ಟು ಸಂಖ್ಯೆ ಸುಮಾರು 25,500 ಎನ್ನುವುದು ಅದರ ಲೆಕ್ಕ. 2024ರ ಮಾರ್ಚ್‌ನ ಅಂದಾಜಿನಲ್ಲಿ ಬಯಲಿನಲ್ಲಿದ್ದವು ಸುಮಾರು 73,500. ಹಿಡಿದು ತಂದು ದೊಡ್ಡಿ, ಹುಲ್ಲುಗಾವಲುಗಳಲ್ಲಿ ಇಟ್ಟು ಸಾಕುತ್ತಿರುವವು ಇನ್ನೂ 60 ಸಾವಿರಕ್ಕಿಂತ ಹೆಚ್ಚು. ಈ ಕಾರ್ಯಕ್ರಮದ ಹಣದ ದೊಡ್ಡ ಪಾಲು ಹೀಗೆ ಸಾಕುವುದಕ್ಕೇ ಖರ್ಚಾಗುತ್ತದೆ. ಭೂಮಿ ತಾಳಬಲ್ಲದ್ದು 25,500 ಮಾತ್ರ ಎಂಬ ಲೆಕ್ಕ ದನಗಾಹಿಗಳ ಕಡೆ ವಾಲಿದೆ ಎಂದು ಪ್ರಾಣಿಪ್ರಿಯರು ಹೇಳುತ್ತಾರೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹಿಂಡು ತಡೆಯಿಲ್ಲದೆ ಬೆಳೆದರೆ ನಾಲ್ಕೈದು ವರ್ಷಕ್ಕೆ ಇಮ್ಮಡಿಯಾಗುತ್ತದೆ ಎಂಬುದೂ ನಿಜ, ಮರುಭೂಮಿಯ ಬುಗ್ಗೆಗಳು ಇಮ್ಮಡಿಯಾಗುವುದಿಲ್ಲ. ಪಶುವೈದ್ಯನಾಗಿ ನನಗೆ ಸರಿ ಕಾಣುವುದು ಗರ್ಭನಿರೋಧಕ ಲಸಿಕೆ. ಹಂದಿಯ ಅಂಡಾಣುವಿನ ಹೊರಪದರದಿಂದ ತಯಾರಿಸಿದ ಲಸಿಕೆಯನ್ನು ದೂರದಿಂದ ಬಾಣದಂಥ ಸಿರಿಂಜಿನಲ್ಲಿ ಹಾರಿಸುತ್ತಾರೆ. ಮತ್ತೆ ಮತ್ತೆ ಕೊಡಬೇಕು, ಪ್ರತಿ ಹೆಣ್ಣನ್ನೂ ಗುರುತಿಟ್ಟುಕೊಳ್ಳಬೇಕು, ತಾಳ್ಮೆ ಬೇಕು. ಆದರೂ ಹೆಲಿಕಾಪ್ಟರ್ ಹಾರಿಸಿ ಓಡಿಸಿ ಹಿಡಿದು ಆಯುಷ್ಯಪೂರ್ತಿ ದೊಡ್ಡಿಯಲ್ಲಿ ಸಾಕುವುದಕ್ಕಿಂತ ಅಗ್ಗ, ಪ್ರಾಣಿಗೂ ಹಿತ.

ಕತ್ತೆಯನ್ನು ಹೊರಗಿನಿಂದ ಬಂದ ಪೀಡೆ ಎನ್ನುವವರ ವಾದಕ್ಕೆ ಎದುರಾಗಿ ಒಂದು ಒಳ್ಳೆಯ ಸಂಶೋಧನೆ 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಸೊನೋರಾ ಮತ್ತು ಮೊಹಾವಿ ಮರುಭೂಮಿಗಳಲ್ಲಿ ಕತ್ತೆ, ಕುದುರೆಗಳು ಒಣಗಿದ ಹಳ್ಳದ ಮರಳನ್ನು ಗೊರಸಿನಿಂದ ಕೆರೆದು, ಎರಡು ಮೀಟರ್‌ವರೆಗೂ ಆಳದ ಒರತೆ ತೋಡುತ್ತವೆ. ಆ ನೀರಿಗೆ ಐವತ್ತೇಳು ಜಾತಿಯ ಪ್ರಾಣಿ ಪಕ್ಷಿಗಳು ಬಂದದ್ದು ದಾಖಲಾಗಿದೆ. ಪಕ್ಕದ ಗ್ರ್ಯಾಂಡ್ ಕ್ಯಾನಿಯನ್ ಉದ್ಯಾನದಲ್ಲಿ ಬೇರೆಯೇ ನಡೆಯಿತು: ಅಲ್ಲಿ ಮೊದಲು ಸಾವಿರಾರು ಕತ್ತೆಗಳನ್ನು ಗುಂಡಿಕ್ಕಿ ಕೊಂದರು. 1980ರ ಹೊತ್ತಿಗೆ ಉಳಿದವುಗಳನ್ನೂ ಕೊಲ್ಲಲು ಹೊರಟಾಗ ಲೇಖಕ ಕ್ಲೀವ್‌ಲ್ಯಾಂಡ್ ಏಮೊರಿಯವರ ಸಂಸ್ಥೆ 577 ಕತ್ತೆಗಳನ್ನು ಹೆಲಿಕಾಪ್ಟರಿಗೆ ಜೋತುಹಾಕಿ ಮೇಲೆತ್ತಿ ತಂದಿತು. ನನ್ನ ಹೆಂಡತಿ ಈ ವಿಷಯ ಕೇಳಿ, "ಊರಲ್ಲಿ ಮಳೆಗಾಗಿ ಕತ್ತೆಗೆ ಮದುವೆ ಮಾಡಿದ್ದು ನೋಡಿದ್ದೆವು, ವಿಮಾನಯಾನ ಮಾಡಿಸಿದ್ದು ನೋಡಿರಲಿಲ್ಲ" ಎಂದಳು.

ನಮ್ಮ ಕಡೆ ಮಡಿವಾಳರ ಬಟ್ಟೆಗಂಟು ಹೊತ್ತ, ಹಸುಗೂಸುಗಳಿಗೆಂದು ಬೀದಿ ಬೀದಿಯಲ್ಲಿ ಹಾಲು ಕರೆದು ಕೊಟ್ಟ ಕತ್ತೆಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2019ರ ಜಾನುವಾರು ಗಣತಿಯಲ್ಲಿ ಇಡೀ ಭಾರತದಲ್ಲಿ ಸಿಕ್ಕವು ಸುಮಾರು 1.2 ಲಕ್ಷ, 2012ಕ್ಕಿಂತ ಶೇಕಡ 61ರಷ್ಟು ಕಡಿಮೆ. ಅವುಗಳಿಗಾಗಿ ಯಾರೂ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ.

ಓಟ್‌ಮನ್‌ನಿಂದ ಬಂದ ಮೇಲೆ ಹಲವರಿಗೆ ಒಂದು ಕತ್ತೆ ಸಾಕುವ ಹುಚ್ಚು ಹಿಡಿಯುತ್ತದೆ; ನಮ್ಮ ವ್ಯಾನಿನಲ್ಲೇ ಇಬ್ಬರಿಗೆ ಹಿಡಿದಿತ್ತು. ಸರ್ಕಾರ ಹಿಡಿದ ಪ್ರಾಣಿಗಳನ್ನು ದತ್ತು ಕೊಡುತ್ತದೆ. ಒಂದು ಪ್ರಾಣಿಗೆ ಕನಿಷ್ಠ 400 ಚದರ ಅಡಿ ಆವರಣ, ಕತ್ತೆಗಾದರೆ ನಾಲ್ಕೂವರೆ ಅಡಿ ಎತ್ತರದ ಬೇಲಿ, ಮುಳ್ಳುತಂತಿ ಕೂಡದು, ನೆರಳು ಬೇಕು. ಒಂದು ವರ್ಷ ಚೆನ್ನಾಗಿ ನೋಡಿಕೊಂಡ ಮೇಲಷ್ಟೇ ಒಡೆತನದ ಪತ್ರ. ಅಲ್ಲಿಯವರೆಗೆ ಅದು ಸರ್ಕಾರದ್ದೇ. ಅಪಾರ್ಟ್‌ಮೆಂಟಿನಲ್ಲಿರುವವರು ಈ ಪ್ಯಾರಾವನ್ನು ಓದಿ ಸುಮ್ಮನಾಗಬಹುದು. ಜಾಗವಿದ್ದವರು ಒಂಟಿ ಕತ್ತೆ ತರಬೇಡಿ, ಅದಕ್ಕೆ ಜೊತೆ ಬೇಕು.

ಹಾಗಾದರೆ ಹೋಗಬೇಕೇ? ಹೋಗಿ, ಆದರೆ ತಿನಿಸಿನ ಚೀಲ ಕೊಡುತ್ತೀರಾ ಎಂದು ಮೊದಲೇ ಕೇಳಿ. ಕೊಡುತ್ತೇವೆ ಎಂದರೆ ಬೇರೆಯವರನ್ನು ಹುಡುಕಿ. ಮಕ್ಕಳ ಬಳಿ ಕಾರಿದ್ದರೆ ಪ್ರವಾಸವೇ ಬೇಕಿಲ್ಲ. ಅಷ್ಟು ದೂರ ಬೇಡವೆನ್ನುವವರಿಗೆ ವೇಗಸ್ ಪಕ್ಕದ ರೆಡ್ ರಾಕ್ ಕ್ಯಾನಿಯನ್ ಕಡೆಯೂ ಕತ್ತೆಗಳಿವೆ, ಅಲ್ಲಿ ತಿನ್ನಿಸಿದರೆ ದಂಡ ಬೀಳುತ್ತದೆ. ಬೇಸಿಗೆಯಲ್ಲಿ ಬೇಡವೇ ಬೇಡ. ಅಕ್ಟೋಬರ್ ಕಳೆದ ಮೇಲೆ ಹಿತ. ಕತ್ತೆಯ ಹಿಂದೆ ನಿಂತು ಸೆಲ್ಫಿ ತೆಗೆಯಬೇಡಿ, ಗುರಿ ತಪ್ಪುವ ಪ್ರಾಣಿಯಲ್ಲ ಅದು.

ಊಟ: ಗೋಡೆ ತುಂಬ ಡಾಲರ್ ನೋಟು ಅಂಟಿಸಿರುವ ಹಳೆಯ ಹೋಟೆಲಿನಲ್ಲಿ "ಕತ್ತೆಯ ಕಿವಿ" ಎಂಬ ಹೆಸರಿನ ದಪ್ಪ ಆಲೂಗಡ್ಡೆ ಚಿಪ್ಸ್ ಸಿಗುತ್ತದೆ, ಹೆಸರಿಗೆ ಹೆದರಬೇಡಿ. ಬಿಸಿಯಾಗಿತ್ತು, ಗರಿಗರಿಯಾಗಿತ್ತು, ಉಪ್ಪು ಸ್ವಲ್ಪ ಮುಂದಿತ್ತು. ಸಸ್ಯಾಹಾರಿಗಳಿಗೆ ಅಲ್ಲಿ ಆಯ್ಕೆ ಕಡಿಮೆ, ಆದ್ದರಿಂದ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ. ಡಬ್ಬಿಯನ್ನು ವ್ಯಾನಿನೊಳಗೇ ತೆರೆಯಿರಿ. ಜಗಲಿಯ ಮೇಲೆ ತೆರೆದರೆ ಎರಡೇ ನಿಮಿಷದಲ್ಲಿ ಉದ್ದ ಕಿವಿಯ ನೆಂಟರು ಬಂದು ನಿಲ್ಲುತ್ತಾರೆ, ಅವರನ್ನು ಸಾಗಹಾಕುವುದು ನಿಮ್ಮಿಂದಾಗುವ ಕೆಲಸವಲ್ಲ.